ಕನ್ನಡ ಮ್ಯಾನ್ಯುಯಲ್‌ಗೆ ಯಾವ ಟೂಲ್? ಪ್ಯಾಂಡಾಕ್ ಪಿಡಿಎಫ್ ಎರರ್ ಕೊಡ್ತಿದೆ

ಮಂಡ್ಯ_ಮೋಟಾರು:
ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಮಾಡ್ತೀವಿ. ರೈತರಿಗೆ ಕೊಡುವ ಮ್ಯಾನ್ಯುಯಲ್ ಸುಮಾರು 40 ಪುಟ, ವರ್ಡ್‌ನಲ್ಲಿದೆ. ಒಂದು ವೈರಿಂಗ್ ಚಿತ್ರ ಸರಿಸಿದರೆ ಮಿಕ್ಕವೆಲ್ಲ ಜಾಗ ಬಿಟ್ಟು ಓಡುತ್ತವೆ. ‘ಫೈನಲ್’, ‘ಫೈನಲ್ ಹೊಸದು’ ಅಂತ ಫೈಲುಗಳ ಸಂತೆ ಬೇರೆ. ಹಳೆಯ ಅಧ್ಯಾಯಗಳು ನುಡಿ ಫಾಂಟಿನಲ್ಲಿವೆ, ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿಹ್ನೆ. ಸ್ಫಿಂಕ್ಸ್ ಅನ್ನೋ ಡಾಕ್ಯುಮೆಂಟೇಶನ್ ಟೂಲ್ ಹಾಕಿ ಅಂತಾರೆ ಕೆಲವರು. ಮಾರ್ಕ್‌ಡೌನ್‌ನಲ್ಲಿ (ಸಾದಾ ಟೆಕ್ಸ್ಟ್‌ನಲ್ಲೇ ಶೀರ್ಷಿಕೆ, ಪಟ್ಟಿ ಗುರುತು ಹಾಕುವ ರೀತಿ) ಬರೆದು, ಅದನ್ನು ಬೇರೆ ರೂಪಕ್ಕೆ ಬದಲಿಸುವ ಪ್ಯಾಂಡಾಕ್‌ನಲ್ಲಿ ಓಡಿಸಿ ನೋಡಿದೆ. ಎಚ್‌ಟಿಎಂಎಲ್ ಚೆನ್ನಾಗಿ ಬರುತ್ತೆ, ಪಿಡಿಎಫ್ ಮಾತ್ರ ಮೊದಲ ಕನ್ನಡ ಅಕ್ಷರಕ್ಕೇ ಎರರ್ ಕೊಟ್ಟು ನಿಲ್ಲುತ್ತೆ.

ಹೆಬ್ಬಾಳ_ಕೋಡು (ಮೈಸೂರು):
ಸ್ಫಿಂಕ್ಸ್ ಪೈಥಾನ್ ಭಾಷೆಯ ಡಾಕ್ಯುಮೆಂಟೇಶನ್‌ಗೆ ಅಂತ ಹುಟ್ಟಿದ್ದು. ಒಳ್ಳೆಯದೇ, ಆದರೆ 40 ಪುಟಕ್ಕೆ ಯಾಕೆ ಅಷ್ಟು ಸೆಟಪ್? ಮಾರ್ಕ್‌ಡೌನ್ ಬಿಡಬೇಡಿ. ಅದು ಸಾದಾ ಟೆಕ್ಸ್ಟ್, ಹಾಗಾಗಿ ಗಿಟ್‌ನಲ್ಲಿ (ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್) ಇಟ್ಟರೆ ಯಾರು ಯಾವ ಸಾಲು ಬದಲಿಸಿದರು ಅಂತ ಕಾಣುತ್ತೆ. ಫೈನಲ್‌ಗಳ ಕಾಟ ಅಲ್ಲಿಗೆ ಮುಗೀತು.

ಎರರ್ ಕಾರಣ ಇದು: ಪ್ಯಾಂಡಾಕ್ ಸುಮ್ನೆ ಓಡಿಸಿದರೆ ಪಿಡಿಎಫ್‌ಗೆ ಲೇಟೆಕ್ ಅನ್ನೋ ಪುಟ ಜೋಡಿಸುವ ವ್ಯವಸ್ಥೆಯ ಪಿಡಿಎಫ್‌ಲೇಟೆಕ್ ಎಂಜಿನ್ ಬಳಸುತ್ತೆ. ಅದಕ್ಕೆ ಕನ್ನಡ ಬರಲ್ಲ. ಪಿಡಿಎಫ್ ಎಂಜಿನ್ ಅನ್ನು ಅದೇ ಲೇಟೆಕ್‌ನ, ಕನ್ನಡ ಬಲ್ಲ ಝೀಲೇಟೆಕ್‌ಗೆ ಬದಲಿಸಿ, ಮೇನ್ ಫಾಂಟ್ ಅಂತ ನೋಟೋ ಸೆರಿಫ್ ಕನ್ನಡ ಕೊಡಿ. ಮೇನ್ ಫಾಂಟ್ ಆಪ್ಶನ್ಸ್‌ನಲ್ಲಿ Script=Kannada ಅಂತಲೂ ಕೊಟ್ಟರೆ ಒತ್ತಕ್ಷರ ಸರಿಯಾಗಿ ಕೂರುತ್ತೆ.

ನುಡಿ ಅಧ್ಯಾಯಗಳನ್ನು ಮೊದಲೇ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ತಂದುಬಿಡಿ. ಅರ್ಕಾವೊತ್ತಿನ ಮೇಲೆ ಕಣ್ಣಿರಲಿ. ಹಳೆಯ ಫಾಂಟುಗಳಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡ್‌ನಲ್ಲಿ ‘ರ್’ ಮುಂಚೆ ಬರಬೇಕು. ‘ಸ್ಟಾರ್ಟರ್’, ‘ಕಾರ್ಯ’ ಇಂಥವನ್ನು ಹುಡುಕಿ ಹುಡುಕಿ ನೋಡಿ, ಕನ್ವರ್ಟರ್ ಎಡವುವುದು ಅಲ್ಲೇ.

ಕಾವೇರಿ_ಲಿನಕ್ಸ್:
ಲೇಟೆಕ್ ಪೂರ್ತಿ ಇನ್‌ಸ್ಟಾಲ್ ಮಾಡಿದರೆ ಹಲವು ಜಿಬಿ ನುಂಗುತ್ತೆ, ಅಲ್ವಾ? ಅದರ ಬದಲು ಟೈಪ್‌ಸ್ಟ್ ನೋಡಿ, ಅದೂ ಪುಟ ಜೋಡಿಸುವುದೇ. 2023ರಿಂದ ಓಪನ್ ಸೋರ್ಸ್, ಸಣ್ಣ ಪ್ರೋಗ್ರಾಂ, ಎರರ್ ಬಂದರೂ ಮನುಷ್ಯರಿಗೆ ಅರ್ಥವಾಗುವ ಹಾಗೆ ಬರುತ್ತೆ. ಪ್ಯಾಂಡಾಕ್‌ನ ಹೊಸ ಆವೃತ್ತಿಗಳು ಅದನ್ನೂ ಪಿಡಿಎಫ್ ಎಂಜಿನ್ ಆಗಿ ಒಪ್ಪುತ್ತವೆ.

ಹೆಬ್ಬಾಳ_ಕೋಡು:
ಒಪ್ಪಿದೆ. ಹೊಸದಾಗಿ ಶುರು ಮಾಡೋರಿಗೆ ಟೈಪ್‌ಸ್ಟೇ ವಾಸಿ. ಇವರ ಹತ್ತಿರ ಲೇಟೆಕ್ ಆಗಲೇ ಇದೆ, ಅದಕ್ಕೆ ಹೇಳಿದೆ.

ಮಂಡ್ಯ_ಮೋಟಾರು:
ಝೀಲೇಟೆಕ್‌ನಲ್ಲಿ ಬಂತು! ಒಂದೇ ತೊಂದರೆ. ಸ್ಟಾರ್ಟರ್ ಕಳಿಸುವ ಎಸ್‌ಎಂಎಸ್ ಉತ್ತರಗಳನ್ನು ಕೋಡ್ ಬ್ಲಾಕ್‌ನಲ್ಲಿ (ಕಮಾಂಡ್ ತೋರಿಸುವ ಚೌಕ) ಹಾಕಿದ್ದೆ. ‘ಮೋಟಾರ್ ಆನ್ ಆಗಿದೆ’ ಅನ್ನೋ ಜಾಗ ಖಾಲಿ. ಎರರ್ ಕೂಡ ಇಲ್ಲ.

ಹೆಬ್ಬಾಳ_ಕೋಡು:
ಕೋಡ್ ಬ್ಲಾಕ್‌ಗೆ ಬೇರೆ ಫಾಂಟ್, ಅದರಲ್ಲಿ ಕನ್ನಡ ಇಲ್ಲ. ಇಲ್ಲದ ಅಕ್ಷರವನ್ನು ಝೀಲೇಟೆಕ್ ಎರರ್ ಕೊಡದೆ ಬಿಟ್ಟುಬಿಡುತ್ತೆ, ಬರೀ ವಾರ್ನಿಂಗ್ (ಎಚ್ಚರಿಕೆ) ಬರೆಯುತ್ತೆ. ಕಮಾಂಡ್ ಮಾತ್ರ ಕೋಡ್ ಬ್ಲಾಕ್‌ನಲ್ಲಿರಲಿ, ಕನ್ನಡ ಉತ್ತರ ಟೇಬಲ್‌ಗೆ ಹಾಕಿ. ಪ್ರಿಂಟ್‌ಗೆ ಕೊಡುವ ಮುಂಚೆ ಪ್ಯಾಂಡಾಕ್ ತೋರಿಸುವ ವಾರ್ನಿಂಗ್‌ಗಳನ್ನು ಒಮ್ಮೆ ನೋಡಿ.