ಸಮಸ್ಯಾಪೂರಣ: ಕಳ್ಳನ ಜೊತೆಗೆ ಧಣಿ

(ಕೊಟ್ಟ ಕೊನೆಯ ಸಾಲಿಗೆ ಉಳಿದ ಸಾಲು ಕಟ್ಟುವ ಆಟ. ಬರೆಯುವವರಿಗೆ ಅವರವರ ಊರೇ ಹೆಸರು.)

ಬೆಳಗಾವಿ (ಸಮಸ್ಯೆ ಕೊಟ್ಟವರು):
ಶುಭ ಶುಕ್ರವಾರದ ವಾರಕ್ಕೊಂದು ಸಮಸ್ಯೆ. ಭಾಮಿನಿ ಷಟ್ಪದಿ, ಆದಿಪ್ರಾಸ ಳ್ಳಕಾರ (ಪ್ರತಿ ಸಾಲಿನ ಎರಡನೆಯ ಅಕ್ಷರ ಳ್ಳ), ವಸ್ತು ಸುವಾರ್ತೆಗಳದ್ದು, ಅಂದರೆ ಮತ್ತಾಯ, ಲೂಕ, ಯೋಹಾನ ಮೊದಲಾದವರು ಬರೆದ ಯೇಸುವಿನ ಕಥನಗಳದ್ದು. ಯೋಗ್ಯತೆಯಿಲ್ಲದವನಿಗೆ ದಕ್ಕಿದ ಕೃಪೆ ಪದ್ಯದಲ್ಲಿ ಕಾಣಬೇಕು. ಕೊನೆಯ ಸಾಲು ಇದು:

ಕಳ್ಳನೊಡನೆಯೆ ಧಣಿಯು ಹೊಕ್ಕನು ತನ್ನ ಮನೆಯೊಳಗೆ

ಬಾಗಲಕೋಟೆ:
ಸದ್ಯಕ್ಕೆ ಹೊಳೆದದ್ದು ಮೊದಲ ಸಾಲಷ್ಟೇ. ‘ಎಲ್ಲ ಪಾಪಿಗಳೊಡನೆ ಉಂಡವ’. ಸುಂಕದವರ, ಪಾಪಿಗಳ ಸ್ನೇಹಿತನೆಂದು ಯೇಸುವನ್ನು ಜನ ಆಡಿಕೊಂಡರಲ್ಲ, ಅದನ್ನೇ ಹಿಡಿದು ಹೊರಟಿದ್ದೇನೆ.

ಬೆಳಗಾವಿ:
ಮಾತ್ರೆ ಸರಿಯಾಗಿದೆ, ಆದರೆ ನಿಮ್ಮದು ಲ್ಲ, ಬೇಕಾದದ್ದು ಳ್ಳ. ಕರ್ತನು ಕ್ಷಮಿಸುತ್ತಾನೆ, ಆದಿಪ್ರಾಸ ಕ್ಷಮಿಸುವುದಿಲ್ಲ.

ಗುಳೇದಗುಡ್ಡ:
ಮುಳ್ಳುಮುಕುಟದ ದೊರೆಯ ಶಿಲುಬೆಗೆ
ಕೊಳ್ಳೆಗಾರರ ನಡುವೆ ಜಡಿದಿರೆ
‘ಒಳ್ಳಿದನೆ ನೀನೆನ್ನ ನೆನೆ ನಿನ್ನರಸುತನದೊಳಗೆ
ತಳ್ಳದೆನ್ನನು’ ಎಂದು ಬೇಡಲು
ಎಳ್ಳಿನಷ್ಟೂ ತಪ್ಪನೆಣಿಸದೆ
ಕಳ್ಳನೊಡನೆಯೆ ಧಣಿಯು ಹೊಕ್ಕನು ತನ್ನ ಮನೆಯೊಳಗೆ

ಬೆಳಗಾವಿ:
ಭಲೆ! ಬಾಸೆಲ್ ಮಿಷನ್ನಿನ ಕ್ರೈಸ್ತ ಪ್ರಚಾರಕರು 1851ರಲ್ಲೇ ನೆಲೆಯೂರಿದ ಊರಿನಿಂದ ಇಂಥದ್ದು ಬಾರದಿದ್ದರೆ ಹೇಗೆ.

ವಿಜಯಪುರ:
‘ಎಳ್ಳಿನಷ್ಟೂ’ ಬಹಳ ಹಿಡಿಸಿತು. ಒಂದು ತಕರಾರು. ಇಬ್ಬರು ಕಳ್ಳರೂ ನಿಂದಿಸಿದರು ಎನ್ನುತ್ತಾನೆ ಮತ್ತಾಯ. ನಿಮ್ಮವನು ಆಗಲೇ ಭಕ್ತನಾಗಿಬಿಟ್ಟಿದ್ದಾನೆ.

ಗುಳೇದಗುಡ್ಡ:
ನಾನು ನಡೆದದ್ದು ಲೂಕನ 23ನೆಯ ಅಧ್ಯಾಯದ ಜಾಡಿನಲ್ಲಿ ಸರ್. ಅಲ್ಲಿ ಒಬ್ಬ ನಿಂದಿಸುತ್ತಾನೆ, ಇನ್ನೊಬ್ಬ ಬೇಡುತ್ತಾನೆ. ಎರಡನ್ನೂ ಕೂಡಿಸಿ ಓದಿದರೆ, ಬೈದ ಬಾಯಿಯೇ ಬೇಡಿತು ಎಂದಾಗುತ್ತದೆ. ಪದ್ಯಕ್ಕೆ ಅದೂ ಲಾಭವೇ. ಇನ್ನೊಂದು ನೋಡಿ. ಸುಂಕದವನಾದ ಜಕ್ಕಾಯನಾದರೆ ವಂಚಿಸಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಮಾತು ಕೊಟ್ಟ. ಈ ಕಳ್ಳನ ಕೈಗೆ ಮೊಳೆ ಬಿದ್ದಿದೆ. ಕದ್ದದ್ದನ್ನು ಮರಳಿಸುವಂತಿಲ್ಲ, ದೀಕ್ಷಾಸ್ನಾನಕ್ಕೆ ಹೋಗುವಂತಿಲ್ಲ, ನಾಳೆಯಿಂದ ನೆಟ್ಟಗೆ ಬಾಳುತ್ತೇನೆ ಎನ್ನಲು ನಾಳೆಯೇ ಇಲ್ಲ. ಇಷ್ಟಾದರೂ ಸಿಕ್ಕ ಉತ್ತರ ‘ಇಂದೇ, ನನ್ನ ಸಂಗಡ’. ಹಿಂದಿನ ರಾತ್ರಿ ಊಟದಲ್ಲಿ ‘ನೀವು ದಾಸರಲ್ಲ, ಸ್ನೇಹಿತರು’ ಎನ್ನಿಸಿಕೊಂಡ ಶಿಷ್ಯರು ಅದೇ ರಾತ್ರಿ ತೋಟದಲ್ಲಿ ಬಿಟ್ಟು ಓಡಿದ್ದರು. ಕಡೆಗಳಿಗೆಯಲ್ಲಿ ಪಕ್ಕಕ್ಕಿದ್ದವನು ಕಳ್ಳ. (ಓಡಲು ಅವನಿಗೆ ಸಾಧ್ಯವಿರಲಿಲ್ಲ ಎನ್ನಿ.)

ತಿಕೋಟಾ:
ನಮ್ಮದು ದ್ರಾಕ್ಷಿಯ ಸೀಮೆ. ಹಾಗಾಗಿ ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟಕ್ಕೆ ಹೋದೆ. ಬೆಳಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಧಣಿ ಒಂದೇ ಕೂಲಿ ಕೊಟ್ಟ ಕಥೆ ಅದು.

ಬಳ್ಳಿದೋಟದಿ ಬಿಸಿಲ ಹೊತ್ತವ
ಹಳ್ಳ ದಾಟುತ ಸಂಜೆ ಬಂದವ
ಬೆಳ್ಳಿನಾಣ್ಯವ ಸಮನೆ ಪಡೆದಿರೆ ಗೊಣಗೆ ಹಗಲಿನವ
‘ಸುಳ್ಳನಾಡಿದೆನೇನು ಗೆಳೆಯಾ
ಒಳ್ಳೆತನವಿದು ನನ್ನದೆ’ನ್ನುತ
ಕಳ್ಳನೊಡನೆಯೆ ಧಣಿಯು ಹೊಕ್ಕನು ತನ್ನ ಮನೆಯೊಳಗೆ

ವಿಜಯಪುರ:
ಇಲ್ಲಿ ಕಳ್ಳ ಯಾರು? ಸಂಜೆ ಬಂದವನು ಮೈಗಳ್ಳನಲ್ಲ. ‘ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ’ ಎಂದು ಅವರೇ ಹೇಳುತ್ತಾರೆ.

ತಿಕೋಟಾ:
ಬೆಳಗಿನಿಂದ ದುಡಿದವನ ಕಣ್ಣಿಗೆ ಅವನು ಕಳ್ಳನೇ ಸರ್. ಏಪ್ರಿಲ್ ಚಾಟ್ನಿಯಲ್ಲಿ (ದ್ರಾಕ್ಷಿ ಬಳ್ಳಿ ಸವರುವ ಕೆಲಸ) ಸಂಜೆ ಐದಕ್ಕೆ ಬಂದವನಿಗೆ ಇಡೀ ದಿನದ ಪಗಾರ ಎಣಿಸಿ ನೋಡಿ. ಮರುದಿನ ಹೊತ್ತು ಮೂಡುವಾಗ ಯಾವ ಆಳೂ ಬರುವುದಿಲ್ಲ. ಆ ಧಣಿಯ ಲೆಕ್ಕ ನನಗೆ ಇಂದಿಗೂ ಬಗೆಹರಿದಿಲ್ಲ, ಪದ್ಯ ಬರೆದದ್ದೂ ಅದಕ್ಕೇ. ಗೊಣಗಿದವನನ್ನೂ ಆತ ಗದರಿಸದೆ ‘ಸ್ನೇಹಿತನೇ’ ಎಂದು ಕರೆಯುತ್ತಾನೆ. ಹಣ ಹೆಚ್ಚು ಕೊಟ್ಟದ್ದಕ್ಕಿಂತ ಅದೇ ಹೆಚ್ಚಿನದೆನಿಸಿತು.

ಬಾಗಲಕೋಟೆ:
ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಹಣದ ಚೀಲದಿಂದ ಕದಿಯುತ್ತಿದ್ದ ಎಂದು ಯೋಹಾನನಲ್ಲಿ ಇದೆ. ಅವನಿಗೆ ಈ ಸಾಲು ಹೊಂದುತ್ತದೆಯೇ?

ಬೆಳಗಾವಿ:
‘ಮನೆಯೊಳಗೆ’ ಎಂಬುದು ಹೊಂದದು. ಆದರೆ ಯೇಸುವನ್ನು ಹಿಡಿಯಲು ಬಂದ ರಾತ್ರಿ ಅವನಿಗೂ ‘ಸ್ನೇಹಿತನೇ’ ಎಂಬ ಕರೆಯೇ ಸಿಕ್ಕಿತು. ಈ ಸಲದ ಮೆಚ್ಚುಗೆ ಗುಳೇದಗುಡ್ಡಕ್ಕೆ, ಜಗಳದ ಬಹುಮಾನ ತಿಕೋಟಾಕ್ಕೆ. ಮುಂದಿನ ವಾರಕ್ಕೆ ಪ್ರಾಸ ತ್ತಕಾರ, ಬಾಗಲಕೋಟೆಯವರೇ ಮೊದಲು ಬರೆಯಲಿ:

ಮುತ್ತನಿಟ್ಟೇ ಮಾರಿದವನನು ಗೆಳೆಯನೆಂದನವ