ಕಂಬದ ಫ್ಲೆಕ್ಸು, ಟೆರೇಸಿನ ಹೋರ್ಡಿಂಗು: ಅತ್ತೆ ಕೇಳಿದ್ದಕ್ಕೆ

ಅತ್ತೆ, ಫೋಟೊ ಎರಡೂ ನೋಡಿದೆ. ಸರ್ಕಲ್ ಹತ್ರ ಕರೆಂಟ್ ಕಂಬಕ್ಕೆ ಕಟ್ಟಿರೋ ಹುಟ್ಟುಹಬ್ಬದ ಫ್ಲೆಕ್ಸು ಒಂದು, ಬೇಕರಿ ಬಿಲ್ಡಿಂಗ್ ಟೆರೇಸ್ ಮೇಲಿನ ಹೋರ್ಡಿಂಗು ಇನ್ನೊಂದು. ಎರಡನ್ನೂ ಒಂದೇ ದೂರಲ್ಲಿ ಹಾಕ್ಬಿಡ್ಲಾ ಅಂದ್ರಲ್ಲ, ಬೇಡ. ಫ್ಲೆಕ್ಸ್ ಬಿಚ್ಚಿ, ಹೋರ್ಡಿಂಗ್ ಹಾಗೇ ಬಿಟ್ಟು, 'ಪರಿಹರಿಸಲಾಗಿದೆ' ಅಂತ ಮುಚ್ಚಿ ಕೂತ್ಕೋತಾರೆ. ಎರಡು ದೂರು ಕೊಡಿ, ಎರಡು ನಂಬರ್ ತಗೊಳ್ಳಿ.

ಮೊದಲು ಕಂಬದ್ದು. ಫೋಟೊ ದೊಡ್ಡದು ಮಾಡಿದ್ರೆ ಕಾಣುತ್ತೆ, ಕಬ್ಬಿಣದ ಫ್ರೇಮನ್ನ ಬೈಂಡಿಂಗ್ ವೈರಲ್ಲಿ ಬಿಗಿದಿದ್ದಾರೆ, ಮೇಲಿನ ತುದಿ ತಂತಿ ಪಕ್ಕದಲ್ಲೇ ಇದೆ. ಗಾಳಿಗೆ ವಾಲಿ ತಾಗಿದ್ರೆ ಫ್ರೇಮಿಗೆ ಕರೆಂಟು, ಮಳೇಲಿ ಕಂಬಕ್ಕೂ. ಅದಕ್ಕೇ ಪಾಲಿಕೆಗಿಂತ ಮುಂಚೆ ಬೆಸ್ಕಾಂ 1912ಕ್ಕೆ ಫೋನ್ ಮಾಡಿ. ಅಲ್ಲಿ 'ಫ್ಲೆಕ್ಸ್ ತೆಗೀರಿ' ಅನ್ಬೇಡಿ, ಅದು ಪಾಲಿಕೆ ಕೆಲಸ ಅಂತ ಇಟ್ಬಿಡ್ತಾರೆ. 'ಕಂಬಕ್ಕೆ ಕಬ್ಬಿಣದ ಫ್ರೇಮ್ ಕಟ್ಟಿದ್ದಾರೆ, ತಂತಿಗೆ ತಾಗೋ ಹಾಗಿದೆ' ಅನ್ನಿ. ನಿಮ್ಮ ಬಿಲ್ಲಿನ ಅಕೌಂಟ್ ಐಡಿ, ಹತ್ತಿರದ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರೋ ನಂಬರ್ ಎರಡನ್ನೂ ಹೇಳಿದ್ರೆ ಲೈನ್‌ಮನ್ ಹುಡುಕಾಡೋದು ತಪ್ಪುತ್ತೆ. ಕಿಡಿ ಹಾರ್ತಿದ್ರೆ, ಫ್ರೇಮ್ ಜೋತುಬಿದ್ದಿದ್ರೆ 112ಕ್ಕೂ ಹೇಳಿ. ಕಿರಣನ ಕೈಗೆ ಕೋಲು ಕೊಟ್ಟು ಮಾತ್ರ ಕಳಿಸ್ಬೇಡಿ, ಒಣಗಿದ ಬಿದಿರಾದ್ರೂ ಬೇಡ.

ಆಮೇಲೆ ಬೆಂಗಳೂರು ಪಾಲಿಕೆ ಸಹಾಯವಾಣಿ 1533. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿಂದ ಐದು ಪಾಲಿಕೆ ಆಗಿವೆಯಲ್ಲ, ನಿಮ್ಮದು ಯಾವುದು, ವಾರ್ಡ್ ಯಾವುದು ಅನ್ನೋದು ತಿಳ್ಕೊಂಡೇ ಮಾತಾಡಿ. 'ನಮ್ಮ ವ್ಯಾಪ್ತಿಗೆ ಬರಲ್ಲ' ಅಂತ ಮುಚ್ಚೋ ದೂರುಗಳೇ ಜಾಸ್ತಿ.

ಫೋಟೊ ಮೂರು ಬೇಕು. ದೂರದಿಂದ ಒಂದು, ಅಂಗಡಿ ಬೋರ್ಡೋ ರಸ್ತೆ ಹೆಸರಿನ ಫಲಕವೋ ಜೊತೇಲಿ ಕಾಣ್ಬೇಕು. ಹತ್ತಿರದ್ದು ಒಂದು, ಎಲ್ಲಿ ಹೇಗೆ ಕಟ್ಟಿದ್ದಾರೆ ಅಂತ. ಮೂರನೇದು 'ಶುಭ ಕೋರುವವರು' ಅನ್ನೋ ಸಾಲು, ಪ್ರಿಂಟರ್ ಹೆಸರಿದ್ರೆ ಅದೂ. ಫ್ಲೆಕ್ಸ್ ಬಿಚ್ಚಿ ಒಯ್ದ ಮೇಲೆ ಯಾರ ಮೇಲೆ ಕೇಸ್ ಅನ್ನೋದಕ್ಕೆ ಉಳಿಯೋ ಸಾಕ್ಷಿ ಅದೊಂದೇ. ಲಿಖಿತ ಅನುಮತಿ ಇಲ್ಲದೆ ಹಾಕೋದು 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಪ್ರಕಾರ ಅಪರಾಧ, 6 ತಿಂಗಳವರೆಗೆ ಜೈಲು, ಇಲ್ಲಾ 1,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಸಾವಿರ ರೂಪಾಯಿಗೆ ಯಾವ ಮರಿಪುಢಾರಿ ಹೆದರ್ತಾನೆ ಹೇಳಿ! ಆದ್ರೂ ದೂರಲ್ಲಿ ಕಾಯ್ದೆ ಹೆಸರು ಬರೀರಿ, ಬರೀ ಕಸ ಎತ್ತೋ ಕೆಲಸ ಅಂತ ತಳ್ಳಿಹಾಕೋಕೆ ಆಗಲ್ಲ.

ಇನ್ನು ಹೋರ್ಡಿಂಗು. ನನಗೆ ಭಯ ಇದರದ್ದೇ. ಮುಂಬೈ ಘಾಟ್‌ಕೋಪರಲ್ಲಿ 2024ರ ಮೇ 13ಕ್ಕೆ ಬಿದ್ದಿದ್ದು 120ಕ್ಕೆ 120 ಅಡಿದು, ಅಲ್ಲಿ ಬಿಡ್ತಿದ್ದಿದ್ದು 40ಕ್ಕೆ 40 ಮಾತ್ರ. 17 ಜನ ಹೋದ್ರು. ಗಾಳಿ ವೇಗ ಎರಡರಷ್ಟಾದ್ರೆ ಬೋರ್ಡಿನ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತೆ, ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಬಿರುಗಾಳಿಲೇ ಇವು ಉರುಳೋದು. ಶೀಟಲ್ಲಿ ಅಲ್ಲಲ್ಲಿ ಸೀಳು ಬಿಟ್ಟಿದ್ದಾರಲ್ಲ ಅಂತ ಮಾವ ಹೇಳಿದ್ರು, ಅದ್ರಿಂದ ಗಾಳಿ ಒತ್ತಡ ಕಮ್ಮಿ ಆಗೋದು ಅಷ್ಟಕ್ಕಷ್ಟೇ. ರಸ್ತೆಯಿಂದಲೇ ಜೂಮ್ ಮಾಡಿ ತೆಗೀರಿ: ಕಾಲುಗಳ ಬುಡದ ತುಕ್ಕು, ಬೇಸ್ ಪ್ಲೇಟಲ್ಲಿ ಇಲ್ಲದ ಬೋಲ್ಟು, ಪ್ಯಾರಪೆಟ್ ಗೋಡೆ ಬಿರುಕು. ಟೆರೇಸ್ ಹತ್ತಬೇಡಿ, ಅತಿಕ್ರಮ ಪ್ರವೇಶ ಅಂತ ನಿಮ್ಮ ಮೇಲೇ ತಿರುಗುತ್ತೆ.

ಇದಕ್ಕೆ ಫೋನ್ ಸಾಲದು. ಸಹಾಯಕ ಕಂದಾಯ ಅಧಿಕಾರಿಗೆ ಫೋಟೊ ಲಗತ್ತಿಸಿ ಅರ್ಜಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಸ್ವೀಕೃತಿ ಮೊಹರು ಹಾಕಿಸ್ಕೊಳ್ಳಿ. ಅಲುಗಾಡದಿದ್ರೆ ಆರ್‌ಟಿಐ: ಅನುಮತಿ ಪತ್ರ, ಮಂಜೂರಾದ ಅಳತೆ, ಕಟ್ಟಡದ ದೃಢತೆ ಪ್ರಮಾಣಪತ್ರದ ನಕಲು ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರ್ಬೇಕು. ಕಥೆ ಬರೆದ್ರೆ ವಾಪಸ್ ಬರುತ್ತೆ.

ಅಂಗಡಿ ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಇರ್ಬೇಕಲ್ಲ ಅಂತ ಚಿಕ್ಕಪ್ಪ ಕೇಳಿದ ವಿಷಯಕ್ಕೆ ಬೇರೆ ಕಾನೂನಿದೆ, ಇದರ ಜೊತೆ ಸೇರಿಸ್ಬೇಡಿ. ಮೈಸೂರಿನ ಅಕ್ಕನಿಗೆ 1533 ಆಗಲ್ಲ, ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902. ನ್ಯಾಷನಲ್ ಹೈವೇ ಪಕ್ಕದ್ದಾದ್ರೆ 1033.

ದೂರು ಮುಚ್ಚಿದ್ದಾರೆ ಅಂತ ಮೆಸೇಜ್ ಬಂದ ದಿನವೇ ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೊ ತೆಗೀರಿ. ಹಾಗೇ ಇದ್ರೆ ಹಳೇ ನಂಬರ್ ನಮೂದಿಸಿ ಹೊಸ ದೂರು ಹಾಕಿ. ನಂಬರ್ ಎರಡನ್ನೂ ಇಲ್ಲಿ ಗ್ರೂಪಲ್ಲಿ ಕಳಿಸಿಡಿ ಅತ್ತೆ.