ಪದ ಬೇಕು: ಅಂಗಳದ ಲೈಟು ಹತ್ತಿ ಆರಿ ಮಾಡುವುದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಂಗಳದ ಲೈಟೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕತ್ತಲಾದಾಗ ತಾನೇ ಹತ್ತಿ, ಬೆಳಗಾದಾಗ ತಾನೇ ಆರುವ ಜಾತಿಯದು. ಉಳಿದೆಲ್ಲ ಮುಗಿದಿದೆ, 'ಲೈಟು ಕೆಟ್ಟರೆ ಏನು ನೋಡಬೇಕು' ಅನ್ನುವ ಪುಟ ಮಾತ್ರ ಬಾಕಿ. ಸಂಜೆಯೊಳಗೆ ಅಚ್ಚಿಗೆ ಕೊಡಬೇಕು.

ಪುಟದ ಎಡಗಡೆ ತೊಂದರೆ, ಬಲಗಡೆ ಪರಿಹಾರ. ಎಡಗಡೆ ಎರಡು ಮೂರು ಪದಕ್ಕಷ್ಟೇ ಜಾಗ. ತೊಂದರೆಗಳು ಇವು: ಹಗಲಲ್ಲೂ ಉರಿಯುತ್ತಲೇ ಇರುವುದು. ಬೆಳಕು ಒಂದೇ ಸಮ ಅದುರುವುದು. ಕೆಲವು ನಿಮಿಷ ಚೆನ್ನಾಗಿ ಉರಿದು, ಪೂರ್ತಿ ಆರಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹತ್ತುವುದು. ಸ್ವಿಚ್ ಆಫ್ ಮಾಡಿದ ಮೇಲೂ ಸಣ್ಣಗೆ ಬೆಳಕು ಉಳಿಯುವುದು.

ಜೊತೆಗೆ ಕೆಲಸ ಮಾಡುವವರು 'ಎಲ್ಲಾದಕ್ಕೂ ಮಿನುಗುವಿಕೆ ಅಂತ ಹಾಕಿ ಮುಗಿಸಿ' ಅಂತಿದ್ದಾರೆ. ನನಗೆ ಮನಸ್ಸೊಪ್ಪುತ್ತಿಲ್ಲ. ನಕ್ಷತ್ರವೂ ಮಿನುಗುತ್ತದೆ, ಅದೇನು ಕೆಟ್ಟಿದೆಯಾ? ಇನ್ನು ಹಗಲು ರಾತ್ರಿ ಗುರುತಿಸುವ ಫೋಟೊಸೆಲ್. ಅದನ್ನು ಹಾಗೇ ಬಿಡಲೇ?

———

ಮೊದಲು 'ಲೈಟು' ತೆಗೆಯಿರಿ. 'ದೀಪ'ವೂ ಬೇಡ, ಅದು ಸಂಸ್ಕೃತ. ನಮ್ಮದೇ ಆದ 'ಸೊಡರು' ಇದೆ. 'ಸುಡು' ಬೇರಿನ ಪದ, ತಮಿಳಿನ 'ಸುಡರ್' ಅದರ ಒಡಹುಟ್ಟು. ಹಳಗನ್ನಡದಲ್ಲಿ ಬೇಕಾದಷ್ಟು ಬಳಕೆಯಾಗಿದೆ. ಅಂಗಳದ್ದಾದರೆ 'ಅಂಗಳಸೊಡರು'. ಫೋಟೊಸೆಲ್ಲಿಗೆ 'ಬೆಳಕುಗಣ್ಣು'. ಹಗಲಲ್ಲಿ ಉರಿಯುವುದು 'ಹಗಲುರಿ'. ಹತ್ತಿ ಆರುವುದು 'ಆರುಹತ್ತು'. ಜಾಗವೂ ಉಳಿಯಿತು, ಕನ್ನಡವೂ ಉಳಿಯಿತು.

———

> 'ಆರುಹತ್ತು'

ಇದು ಕೈಪಿಡಿಯೋ ಮಗ್ಗಿ ಪುಸ್ತಕವೋ? 'ಹಗಲುರಿ' ಅಂದರೆ ಲೈಟಿನ ತೊಂದರೆ ಅಂತ ಯಾರಿಗೂ ಹೊಳೆಯುವುದಿಲ್ಲ, ಮಾತ್ರೆ ಕೇಳುತ್ತಾರೆ.

———

ಅಚ್ಚಗನ್ನಡದ ಹಟ ಹಿಡಿದವರು 'ಅಂಗಳ'ವನ್ನು ಮಾತ್ರ ಹೇಗೆ ಒಳಗೆ ಬಿಟ್ಟುಕೊಂಡರು? ಅದು ಸಂಸ್ಕೃತದ 'ಅಂಗಣ'ದ ತದ್ಭವ.

'ದೀಪ'ವನ್ನೇ ಇಟ್ಟುಕೊಂಡು 'ಹಗಲುದೀಪ' ಅನ್ನೋಣ ಅಂತ ಯಾರಾದರೂ ಬರುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಹದಿಮೂರನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಬೇಡ ಅಂದಿದ್ದಾನೆ.

———

ಅದೇ ಕೇಶಿರಾಜ ಬಿರುದುಗಳಿಗೂ ಹಿಂದಿನ ಕವಿಗಳು ಬಳಸಿದ್ದಕ್ಕೂ ವಿನಾಯಿತಿ ಕೊಟ್ಟಿದ್ದಾನಲ್ಲ ಸಾರ್. 'ಬೀದಿದೀಪ' ದಿನಾ ಪತ್ರಿಕೆಯಲ್ಲಿ ಬರುತ್ತದೆ. ಯಾರಿಗೂ ಏನೂ ಆಗಿಲ್ಲ.

———

ಸಮಾಸ ಆಮೇಲೆ. ನಾನು ವೈರಿಂಗ್ ಕೆಲಸ ಗೊತ್ತಿರುವವನು. ಒಳಗೆ ಏನಾಗುತ್ತಿದೆ ಅಂತ ನೋಡಿದರೆ ಪದ ತಾನೇ ಬರುತ್ತದೆ. ಕೇಳಿದವರು ಹೇಳಿದ್ದು ಸರಿ, ಇವು ಬೇರೆ ಬೇರೆ ಕಾಯಿಲೆ. ಎಲ್ಲಾದಕ್ಕೂ ಒಂದೇ ಹೆಸರಿಟ್ಟರೆ ಓದಿದವನು ಸುಮ್ನೆ ಚೆನ್ನಾಗಿರುವ ಬಲ್ಬನ್ನು ಬಿಸಾಕುತ್ತಾನೆ.

ಬೆಳಕು ಅದುರುವುದಕ್ಕೆ ಜನ 'ಪಕಪಕ ಅಂತಿದೆ', 'ಮಿಣಮಿಣ ಅಂತಿದೆ' ಅಂತಾರೆ. ಹೋಲ್ಡರಿನಲ್ಲೋ ಜಾಯಿಂಟಿನಲ್ಲೋ ವೈರು ಸಡಿಲವಾಗಿರುತ್ತದೆ. ಎಲ್‌ಇಡಿ ಆದರೆ ಅದಕ್ಕೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಒಳಗಿನ ಕೆಪಾಸಿಟರ್ ಶಾಖಕ್ಕೆ ಒಣಗಿರುವುದೂ ಉಂಟು. 'ಮಿಣುಕುವುದು' ಅಂತ ಹಾಕಿ. 'ಮಿನುಗು' ಅಂದರೆ ಹೊಳಪು, ಹೊಗಳಿಕೆ. 'ಮಿಣುಕು' ಅಂದರೆ ಶಕ್ತಿ ಇಲ್ಲದ ಬೆಳಕು.

ಹತ್ತಿ ಆರಿ ಮಾಡುವುದಿದೆಯಲ್ಲ, ಅದು ಸ್ವಾರಸ್ಯ. ಸೋಡಿಯಂ ಬಲ್ಬು ಹಳತಾದಂತೆ ಉರಿಯಲು ಜಾಸ್ತಿ ವೋಲ್ಟೇಜು ಕೇಳುತ್ತದೆ. ಒಂದು ಹಂತ ದಾಟಿದ ಮೇಲೆ ಚೋಕಿಗೆ ಅಷ್ಟು ಕೊಡಲು ಆಗುವುದಿಲ್ಲ, ಬಲ್ಬು ಆರುತ್ತದೆ. ಕೆಲವು ನಿಮಿಷ ತಣ್ಣಗಾದರೆ ಮತ್ತೆ ಹತ್ತುತ್ತದೆ, ಬಿಸಿಯಾದ ಮೇಲೆ ಮತ್ತೆ ಆರುತ್ತದೆ. ಬಲ್ಬು ಸರಿಯಿದ್ದೂ ಹೀಗಾಗಬಹುದು. ಲೈಟಿನದೇ ಬೆಳಕು ಬಿಳಿ ಗೋಡೆಗೆ ಬಡಿದು ಫೋಟೊಸೆಲ್ ಮೇಲೆ ಬಿದ್ದರೆ, ಅದು ಬೆಳಗಾಯಿತು ಅಂದುಕೊಂಡು ಆರಿಸುತ್ತದೆ. ಆರಿದ ಕೂಡಲೇ ಕತ್ತಲು, ಮತ್ತೆ ಹಚ್ಚುತ್ತದೆ. ಯಾವುದು ಅಂತ ತಿಳಿಯಲು ಫೋಟೊಸೆಲ್ಲಿಗೆ ಕಪ್ಪು ಟೇಪ್ ಸುತ್ತಿ ನೋಡಿ. ಲೈಟು ನಿಂತು ಉರಿದರೆ ತನ್ನ ಬೆಳಕನ್ನೇ ನೋಡಿ ಮೋಸ ಹೋಗುತ್ತಿತ್ತು ಅಂತ. ಆಗಲೂ ಆರಿದರೆ ಮೊದಲು ಬಲ್ಬು ಬದಲಿಸಿ. ಇದಕ್ಕೆ 'ಹತ್ತಿ ಹತ್ತಿ ಆರುವುದು' ಸಾಕು. 'ಹೋಗಿ ಬರುವುದು' ಬೇಡ, ಕರೆಂಟೇ ಹೋಗಿ ಬರುತ್ತಿದೆ ಅಂದುಕೊಳ್ಳುತ್ತಾರೆ.

ಹಗಲಲ್ಲೂ ಉರಿದರೆ ಅನುಮಾನ ಫೋಟೊಸೆಲ್ ಮೇಲೆ. ಮೇಲೆ ಧೂಳು ಕೂತಿರಬಹುದು, ಮರದ ನೆರಳಿರಬಹುದು, ಇಲ್ಲ ಅದೇ ಕೆಟ್ಟಿರಬಹುದು. ಹಳೇ ಮಾದರಿಯದರಲ್ಲಿ ಬೆಳಕು ಬಿದ್ದಾಗ ಒಳಗೆ ಒಂದು ಪುಟ್ಟ ಹೀಟರ್ ಬಿಸಿಯಾಗುತ್ತದೆ, ಎರಡು ಲೋಹ ಬೆಸೆದ ಪಟ್ಟಿ ಬಾಗುತ್ತದೆ, ಸಂಪರ್ಕ ಬಿಡುತ್ತದೆ. ಹೀಟರ್ ಸುಟ್ಟರೆ ಪಟ್ಟಿ ಬಾಗುವುದೇ ಇಲ್ಲ, ಲೈಟು ಹಗಲೂ ರಾತ್ರಿ ಉರಿಯುತ್ತದೆ. ಈ ಪಟ್ಟಿ ಬಿಸಿಯಾಗಲು, ತಣ್ಣಗಾಗಲು ಸ್ವಲ್ಪ ಹೊತ್ತು ಬೇಕು. ಹಾಗಾಗಿಯೇ ಟೇಪ್ ಸುತ್ತಿದ ಕೂಡಲೇ ಏನೂ ಆಗಲಿಲ್ಲ ಅಂತ ಬಿಚ್ಚಬಾರದು. ಒಂದೆರಡು ನಿಮಿಷ ಕಾಯಬೇಕು ಅಂತ ಬಲಗಡೆ ಖಂಡಿತ ಬರೆಯಿರಿ.

ಕೊನೆಯದು, ಉಳಿದ ಬೆಳಕು. ಸ್ವಿಚ್ಚಿನಲ್ಲಿ ಪುಟ್ಟ ನಿಯಾನ್ ದೀಪ ಇದ್ದರೆ ಅದರ ಮೂಲಕ ಹರಿಯುವ ಚೂರು ಕರೆಂಟೇ ಎಲ್‌ಇಡಿಗೆ ಸಾಕು. ಆದರೆ ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿದ್ದರೂ ಹೀಗಾಗುತ್ತದೆ. ಆಗ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ, ಮುಟ್ಟಿದವರಿಗೆ ಶಾಕ್. 'ಮೇನ್ ಆಫ್ ಮಾಡಿಯೇ ಕೈ ಹಾಕಿ' ಅನ್ನುವ ಸಾಲು ದಪ್ಪ ಅಕ್ಷರದಲ್ಲಿರಲಿ.

———

ಚೋಕ್, ಡ್ರೈವರ್, ಕೆಪಾಸಿಟರ್, ಹೋಲ್ಡರ್, ಜಾಯಿಂಟ್. ಇದರಲ್ಲಿ ಕನ್ನಡ ಎಲ್ಲಿದೆ ಸ್ವಾಮಿ?

———

'ಉರಿ, ಆರು, ಹತ್ತು, ಮಿಣುಕು, ಬಾಗು' ಕಾಣಲಿಲ್ಲವೇ? ನಾಮಪದ ಬರುತ್ತದೆ, ಹೋಗುತ್ತದೆ. 'ಲಾಟೀನು' ಇಂಗ್ಲಿಷಿನಿಂದ ಬಂತು, 'ಕಂದೀಲು' ಅರಬ್ಬಿಯಿಂದ. ಕೊನೆಗೊಂದು ಉಕಾರ ಹಚ್ಚಿಕೊಂಡು ವಿಭಕ್ತಿ ಹಿಡಿದ ಮೇಲೆ ಯಾರೂ ಊರು ಕೇಳಲಿಲ್ಲ. 'ಲೈಟಿಗೆ', 'ಬಲ್ಬಿನ' ಅನ್ನುವುದೂ ಅದೇ ದಾರಿ.

———

ದಾರಿ ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ಲಾಟೀನು ಬಂದಾಗ ಅದನ್ನು 'ಹಚ್ಚುತ್ತಿದ್ದೆವು', 'ಆರಿಸುತ್ತಿದ್ದೆವು'. ಈಗ ಲೈಟು 'ಆನ್ ಆಗುತ್ತದೆ', 'ಆಫ್ ಆಗುತ್ತದೆ', 'ಬ್ಲಿಂಕ್ ಆಗುತ್ತದೆ', 'ಟ್ರಿಪ್ ಆಗುತ್ತದೆ'. ನಮ್ಮದು ಅಂತ ಉಳಿದದ್ದು 'ಆಗು' ಒಂದೇ. ನಾನು ಸೊಡರಿಗೆ ಅಂಟಿಕೊಂಡದ್ದು ಹಟಕ್ಕಲ್ಲ.

———

ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಸೊಡರಿಗಲ್ಲ, ಕ್ರಿಯಾಪದಕ್ಕೆ. ಆದರೆ 'ಟ್ರಿಪ್ ಆಗು' ಬಿಡಿಸಿ ನೋಡೋಣ.

———

ಮುಗ್ಗರಿಸು.

———

ಅಯ್ಯೋ, ಬೇಡ.

———

'ಬೀಳು' ಅನ್ನಿ. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಬ್ರೇಕರ್) ಬಿತ್ತು, ಎತ್ತಿ ಹಾಕಿದೆ. ಗುಬುಟು ಕೆಳಗೆ ಬಿದ್ದಿರುವುದು ಕಣ್ಣಿಗೂ ಕಾಣುತ್ತದೆ. ಇದಕ್ಕಿಂತ ಏನು ಬೇಕು?

———

ಎಲ್ಲರಿಗೂ ಧನ್ಯವಾದ. ಪುಟಕ್ಕೆ ಹೀಗೆ ಹಾಕುತ್ತಿದ್ದೇನೆ: 'ಹಗಲಲ್ಲೂ ಉರಿಯುತ್ತಿದೆ', 'ಬೆಳಕು ಮಿಣುಕುತ್ತಿದೆ', 'ಹತ್ತಿ ಹತ್ತಿ ಆರುತ್ತಿದೆ', 'ಆಫ್ ಮಾಡಿದರೂ ಮಂಕುಬೆಳಕು'. ಹೆಸರು ಮಾಡುವುದು ಬಿಟ್ಟು ಕ್ರಿಯಾಪದವನ್ನೇ ಇಟ್ಟೆ, ಜಾಗಕ್ಕೂ ಸರಿಹೋಯಿತು. ಫೋಟೊಸೆಲ್ ಹಾಗೇ ಇರುತ್ತದೆ, ಅಂಗಡಿಯಲ್ಲಿ ಅದೇ ಹೆಸರಲ್ಲಿ ಕೇಳಬೇಕಲ್ಲ. 'ಬೆಳಕುಗಣ್ಣು' ಚೆಂದವಿದೆ. ಚಿತ್ರದ ಕೆಳಗೆ ಒಂದು ಸಲ ಹಾಕಿದ್ದೇನೆ.

ಈಗ ನೋಡಿದರೆ ಇನ್ನೊಂದು ಸಾಲು ಬಿಟ್ಟುಹೋಗಿದೆ. ಮಳೆ ಬಂದಾಗಲೆಲ್ಲ ಬ್ರೇಕರ್ ಬೀಳುತ್ತದೆ, ಒಣಗಿದ ಮೇಲೆ ಸರಿಯಾಗುತ್ತದೆ. ಕಾರಣಕ್ಕೆ 'ಸೋರಿಕೆ' ಅಂದರೆ ಸಾಕಾ?

———

ಸಾಲದು. ಇಲ್ಲಿ ಎರಡು ಸೋರಿಕೆ ಇದೆ. ನೀರು ಒಳಗೆ ಬರುತ್ತಿದೆ, ಕರೆಂಟು ಹೊರಗೆ ಹೋಗುತ್ತಿದೆ. 'ಸೋರಿಕೆ ಸರಿಪಡಿಸಿ' ಅಂದರೆ ಓದಿದವನು ಯಾವುದನ್ನು ಹುಡುಕಬೇಕು? ನೀರಿಗೆ 'ಒಳಗೆ ನೀರು ಇಳಿದಿದೆ' ಅನ್ನಿ, 'ಸೋರಿಕೆ'ಯನ್ನು ಕರೆಂಟಿಗೆ ಬಿಡಿ. ಇಲ್ಲಿ ಬೀಳುವುದು ಆ ಸೋರಿಕೆ ಹಿಡಿಯುವ ಆರ್‌ಸಿಸಿಬಿ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಯರಿನದು, ಒದ್ದೆ ಹೋಲ್ಡರ್ ಒಂದೇ ಅದನ್ನು ಬೀಳಿಸಬಲ್ಲದು. ಬಲಗಡೆ ಹೀಗಿರಲಿ: 'ಮೇನ್ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಒಳಗೆ ತೇವ ಇದೆಯೇ ನೋಡಿ. ಪೂರ್ತಿ ಒಣಗಿಸಿ. ಬಿರುಕು ಬಿಟ್ಟ ರಬ್ಬರ್ ವಾಷರ್ ಬದಲಿಸಿ. ವೈರು ಒಳಹೋಗುವ ತೂತನ್ನು ಮುಚ್ಚಿ.' ಮತ್ತೆ ಮತ್ತೆ ಬೀಳುತ್ತಿದ್ದರೆ ಎತ್ತಿ ಎತ್ತಿ ಹಾಕಬೇಡಿ ಅಂತಲೂ ಸೇರಿಸಿ.